ಹವಳ ನೋಡಲು ಹೊರಟ ಮೇಲಿನ ಮನೆಯ ಅಕ್ಕ

ಈಜುಕೊಳಕ್ಕೆ ಇಳಿದು ಎರಡು ಸುತ್ತು ಮುಗಿಯುವವರೆಗೂ ಅವರ ಹಣೆಯ ವಿಭೂತಿ ಅಳಿಯುತ್ತಿರಲಿಲ್ಲ. ತಲೆ ಎತ್ತಿದಾಗಲೆಲ್ಲ ಮೂರು ಗೆರೆಗಳು ಒದ್ದೆಯಾಗಿ ಕಾಣುತ್ತಿದ್ದವು. ಮೂರನೆಯ ಸುತ್ತಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿದ್ದವು. ಮೊಣಕಾಲಿನ ಕೆಳಗಿನವರೆಗೆ ಬರುವ ಕಪ್ಪು ಈಜುಡುಗೆ, ಬಿಳಿ ಜಡೆಯನ್ನು ತುರುಕಿದ ರಬ್ಬರ್ ಟೋಪಿ. ಅರವತ್ತು ದಾಟಿದ ಹೆಂಗಸು ಈಜು ಕಲಿಯುವುದನ್ನು ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಮಂದಿ ಬಾಲ್ಕನಿಗಳಲ್ಲಿ ಕಾಫಿ ಹಿಡಿದು ನಿಂತು ನೋಡುತ್ತಿದ್ದರು. ಅವರು ಮಾತ್ರ ಯಾರ ಕಡೆಗೂ ನೋಡುತ್ತಿರಲಿಲ್ಲ.

ನನಗೆ ಅವರು ಮೇಲಿನ ಮನೆಯ ಅಕ್ಕ. ಹಾವೇರಿ ಕಡೆಯವರು. ಅಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ನಾನು ಪೀಣ್ಯದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತು ಬದುಕಿದವಳು. ಆಮೇಲೆ ಹಾಸಿಗೆ ಹಿಡಿದ ಗಂಡನಿಗೆ ಔಷಧಿ, ಗಂಜಿ, ಮಗ್ಗುಲು ಬದಲಿಸುವುದು; ಅದೂ ಒಂದು ಪಾಳಿಯಂತೆಯೇ ನಡೆಯಿತು. ಗಂಡ ಹೋದ ಮೇಲೆ ಸಮಯಕ್ಕೆ ಸರಿಯಾಗಿ ಏಳುವ ಅಭ್ಯಾಸ ಉಳಿಯಿತು. ಎದ್ದು ಮಾಡುವ ಕೆಲಸ ಉಳಿಯಲಿಲ್ಲ. ಅಳು ಬರುತ್ತಿರಲಿಲ್ಲ, ದಣಿವು ಮಾತ್ರ ಇತ್ತು. ಎಷ್ಟು ನಿದ್ದೆ ಮಾಡಿದರೂ ಹೋಗದ ದಣಿವು.

ಅಂಥ ಒಂದು ಮಧ್ಯಾಹ್ನ ಅಕ್ಕ ಮಂಡಕ್ಕಿ ಗಿರಮಿಟ್ಟಿನ ತಟ್ಟೆ ಹಿಡಿದು ಕೆಳಗಿಳಿದು ಬಂದರು.

"ನನ್ ಜೋಡಿ ಅಂಡಮಾನಕ್ಕ ಬರ್ತೀಯೇನು ತಂಗೀ?"

"ಲಿಫ್ಟಿನ ತನಕ ನಡೆಯೋದೇ ನನಗೆ ಸಾಕಾಗಿದೆ ಅಕ್ಕ" ಎಂದೆ.

"ಹಂಗಾದ್ರ ಇವತ್ತಿಂದ ಲಿಫ್ಟ್ ಬಿಡು, ಮೆಟ್ಲ ಹತ್ತು. ತಯಾರಿ ಶುರು ಆತು."

ಅವರಿಗೆ ಬೇಕಿದ್ದದ್ದು ಒಂದೇ, ಜೀವಂತ ಹವಳವನ್ನು ನೋಡುವುದು. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಒಣ ಹವಳದ ತುಂಡಿತ್ತಂತೆ. ಬಂದ ಹುಡುಗರೆಲ್ಲ ಮುಟ್ಟಿ ಮುಟ್ಟಿ ಅದು ಸವೆದು ನುಣ್ಣಗಾಗಿತ್ತಂತೆ. "ಜೀವಮಾನ ಪೂರ್ತಿ ಸತ್ತದ್ದನ್ನ ತೋರ್ಸಿ ಜೀವಶಾಸ್ತ್ರ ಅಂದೆ. ಸಾಯೋದ್ರೊಳಗ ಒಮ್ಮೆ ಅದು ಬದುಕಿದ್ದನ್ನ ನೋಡಬೇಕು" ಎನ್ನುತ್ತಿದ್ದರು. ಮಗಳು ರೆಸಾರ್ಟಿನ ಪ್ಯಾಕೇಜ್ ತೋರಿಸಿದಳು: ಕಡಲಂಚಿನಲ್ಲಿ ಕುರ್ಚಿ, ಎಣ್ಣೆ ಮಾಲೀಸು, ಮೂರು ಹೊತ್ತು ಊಟ. ಅಕ್ಕ ಒಪ್ಪಲಿಲ್ಲ. "ಕುಂತು ಉಣ್ಣಾಕ ಇಲ್ಲೇ ಅದೀನಲ್ಲ. ಅಲ್ಲಿ ಯಾಕ ಹೋಗಬೇಕು?"

ಹಾಗಾಗಿ ಯೋಜನೆ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕಾಡಿನಲ್ಲಿ ನಡಿಗೆ, ಬಿಸಿಲೇರುವ ಮುಂಚೆ ಸೈಕಲ್ಲು, ಸಂಜೆ ದೋಣಿಗೆ ಹುಟ್ಟು ಹಾಕುವುದು, ಕೊನೆಗೆ ಈಜುಗನ್ನಡಕ ಮತ್ತು ಉಸಿರುಕೊಳವೆ ಹಾಕಿಕೊಂಡು ಹವಳದ ಮೇಲೆ ತೇಲುವುದು. ಅಲ್ಲಿನ ದಿನಗಳಿಗೂ ಇಲ್ಲಿನ ತಯಾರಿಗೂ ನಾನು ವೇಳಾಪಟ್ಟಿ ಬರೆದುಕೊಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, "ಇದೇನ್ ಪ್ರವಾಸನೋ, ಸೆಕೆಂಡ್ ಶಿಫ್ಟೋ?" ಎಂದರು. ಆದರೂ ಅದರಂತೆಯೇ ನಡೆದರು. ನಾನೂ ಕೊಳಕ್ಕೆ ಇಳಿದೆ. ಇಷ್ಟವಿತ್ತು ಎಂದಲ್ಲ. ಬೆಳಿಗ್ಗೆ ಬಾಗಿಲು ತಟ್ಟುವವರಿಗೆ ಬರುವುದಿಲ್ಲ ಎನ್ನಲು ಬೇಕಾದಷ್ಟು ಶಕ್ತಿ ನನ್ನಲ್ಲಿರಲಿಲ್ಲ.

ಕಷ್ಟ ಬಂದದ್ದು ಲಿಂಗದ ವಿಷಯದಲ್ಲಿ. ದೀಕ್ಷೆಯಾದಂದಿನಿಂದ ಇಷ್ಟಲಿಂಗ ಅವರ ಮೈಯಿಂದ ಬೇರೆಯಾಗಿರಲಿಲ್ಲ. ಅವರ ಅಜ್ಜಿ ಒಮ್ಮೆ ವರದಾ ನದಿಯಲ್ಲಿ ಬಟ್ಟೆ ಒಗೆಯುವಾಗ ದಾರ ಹರಿದು ಲಿಂಗ ನೀರಿಗೆ ಬಿದ್ದಿತ್ತಂತೆ. ಊರವರೆಲ್ಲ ಮುಳುಗಿ ಹುಡುಕುವವರೆಗೆ ಆಕೆ ದಡದಲ್ಲಿ ಕೂತವಳು ಹನಿ ನೀರೂ ಕುಡಿಯಲಿಲ್ಲವಂತೆ. "ಸಿಗದೇ ಇದ್ದಿದ್ರ ಆಕಿ ಮೇಲೇಳ್ತಿರಲಿಲ್ಲ" ಎಂದಿದ್ದರು ಅಕ್ಕ. ವರದೆಯಲ್ಲಿ ಹುಡುಕಬಹುದು. ಸಮುದ್ರದಲ್ಲಿ ಹುಡುಕುವವರು ಯಾರು?

ತಮ್ಮೂರಿನ ಮಠದ ಸ್ವಾಮಿಗಳಾದ ಅಜ್ಜನವರಿಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಅತ್ತಲಿಂದ ಸ್ವಲ್ಪ ಹೊತ್ತು ಕೆಮ್ಮು, ಆಮೇಲೆ ಮಾತು: "ನೋಡವ್ವಾ, ಬ್ಯಾಡ ಅನ್ನಂಗಿಲ್ಲ. ನೀ ಮುಳುಗಿದ್ರ ಅದು ನಿನ್ ಜೋಡಿನ ಮುಳುಗ್ತೈತಿ. ಅದೊಂದ ಮುಳುಗಿದ್ರ ಮಾತ್ರ ನಾ ಹೊಣಿ ಅಲ್ಲ."

ಅಕ್ಕ ನಕ್ಕು ಫೋನಿಟ್ಟರು. ನಮ್ಮ ಬೀದಿಯ ಟೈಲರ್ ಈಜುಡುಗೆಯ ಎದೆಯ ಒಳಬದಿಗೆ ಒಂದು ಜೇಬು ಹೊಲಿದು, ಬಾಯಿಗೆ ಚರ್ರೆಂದು ಬಿಚ್ಚುವ ಅಂಟುಪಟ್ಟಿ ಹಾಕಿಕೊಟ್ಟ. ಬೆಳ್ಳಿಯ ಕರಡಿಗೆಯಿಂದ ತೆಗೆದ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಅದರೊಳಗೆ ಇಡುತ್ತಿದ್ದರು. ನಾನು ಎಳೆದು, ಜಗ್ಗಿ, ನೆನೆಸಿ ಪರೀಕ್ಷೆ ಮಾಡಿದೆ. ಎಷ್ಟೋ ವಾರ ಕೊಳದಲ್ಲಿ ಆ ಪಟ್ಟಿ ಒಮ್ಮೆಯೂ ಬಿಚ್ಚಿಕೊಳ್ಳಲಿಲ್ಲ.

ಕೊಳದಲ್ಲಿ ಮರಳಿರಲಿಲ್ಲ.

ದ್ವೀಪ ಮುಟ್ಟಿದ ಮೇಲೆ ನಡಿಗೆ, ಸೈಕಲ್ಲು ಎಲ್ಲ ಯೋಜನೆಯಂತೆ ಆಯಿತು. ಹವಳದ ಹಿಂದಿನ ದಿನ ಅಭ್ಯಾಸಕ್ಕೆಂದು ದಡದ ಬಳಿ ಸೊಂಟದುದ್ದ ನೀರಿಗೆ ಇಳಿದಿದ್ದೆವು. ಒಂದು ಅಲೆ ಬಂದು ಅಕ್ಕನನ್ನು ಉರುಳಿಸಿತು. ಅವರು ಎದ್ದಾಗ ಒಂದು ಕೈ ಎದೆಯ ಮೇಲೆ ಮುಷ್ಟಿ ಕಟ್ಟಿತ್ತು. ಅಂಟುಪಟ್ಟಿಯ ತುಂಬ ನುಣ್ಣನೆಯ ಮರಳು ಕೂತು ಜೇಬಿನ ಬಾಯಿ ತೆರೆದುಕೊಂಡಿತ್ತು. ಲಿಂಗ ಹೊರಬಿದ್ದ ಗಳಿಗೆಯಲ್ಲೇ ಅವರ ಕೈ ಅದನ್ನು ಹಿಡಿದಿತ್ತು. ದಡಕ್ಕೆ ಬಂದು ಕೂತರು. ಬಹಳ ಹೊತ್ತು ಮುಷ್ಟಿ ಬಿಚ್ಚಲಿಲ್ಲ.

"ನನ್ನ ಹತ್ರ ಸೂಜಿ ದಾರ ಇದೆ ಅಕ್ಕ. ಬಾಯಿ ಪೂರ್ತಿ ಹೊಲಿದುಬಿಡೋಣ" ಎಂದೆ.

"ಬ್ಯಾಡ ತಂಗೀ. ಗಟ್ಟಿ ಐತಿ ಅಂತ ಒಮ್ಮೆ ನಂಬಿ ಆತಲ್ಲ."

ಹೋಟೆಲಿನವನು ರೂಮಿನ ಲಾಕರಿನಲ್ಲಿ ಇಡಿ ಎಂದ. ಅದಕ್ಕೆ ಅವರು ನನ್ನ ಕಡೆ ತಿರುಗಿ, "ಉಸಿರನ್ನ ಲಾಕರ್‌ನಾಗ ಇಟ್ಟು ಈಜಾಕ ಬರ್ತೈತೇನು ಅಂತ ಕೇಳವನಿಗೆ" ಎಂದರಷ್ಟೆ.

ಮರುದಿನ ದೋಣಿ ಹತ್ತಿದರು, ಆದರೆ ಸೀರೆಯಲ್ಲಿ. ಹವಳದ ಜಾಗಕ್ಕೆ ಬಂದು ಗೈಡ್ ದೋಣಿ ನಿಲ್ಲಿಸಿದ. ನಾನೂ ಇಳಿಯುವುದಿಲ್ಲ ಎಂದೆ. ಅವರಿಲ್ಲದೆ ನನಗೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ನೀ ಇಳಿ" ಎಂದರು. "ನಿಂದೇನು ಹೋಗೂದೈತಿ?"

ಆ ಮಾತು ನಾಟಿತು. ನಿಜವಾಗಿದ್ದರಿಂದಲೇ ನಾಟಿತು. ಈಜುಗನ್ನಡಕ ಎಳೆದುಕೊಂಡು ಇಳಿದೆ, ಒಂದು ಸುತ್ತು ಹಾಕಿ ಬಂದು ದೋಣಿಯ ಅಂಚು ಹಿಡಿದು ಒಪ್ಪಿಸಿದೆ: ಮೀನು ನೀಲಿ, ಗೇಣುದ್ದ, ಹಳದಿ ಪಟ್ಟೆ. ಹವಳ ಕಂದು. ಒಂದು ಕಡೆ ಮುರಿದಿದೆ.

"ಇದು ನಿಮ್ ಕಾರ್ಖಾನಿ ರಿಪೋರ್ಟ್ ಆತು. ಬಣ್ಣ, ಅಳತಿ ಬ್ಯಾಡ ನನಗ. ಏನ್ ಮಾಡಾಕತ್ತಿತ್ತು, ಅದನ್ನ ಹೇಳು. ಮತ್ತೊಮ್ಮೆ ಹೋಗು."

ಮತ್ತೊಮ್ಮೆ ಹೋದೆ. ಈ ಸಲ ಕೈಕಾಲು ಆಡಿಸದೆ ತೇಲುತ್ತ ಕಾದೆ. ಮೊದಲು ಕೇಳಿಸಿತು, ಆಮೇಲೆ ಕಂಡಿತು: ಮೀನೊಂದು ಹವಳವನ್ನು ಕಟಕಟನೆ ಕಡಿಯುತ್ತಿತ್ತು. ಅದರ ಕೆಳಗೆ ಬಂಡೆಯ ಮೇಲೆ ಮೆತ್ತಗಿನ ಏನೋ ಒಂದು ಗೊಂಚಲು, ನೂರಾರು ಪುಟ್ಟ ಬೆರಳುಗಳಂತೆ ತೆರೆಯುತ್ತ, ಮುಚ್ಚುತ್ತ ಇತ್ತು. ಯಾರೂ ಕರೆಯದೆ, ಯಾವ ಗಂಟೆಯೂ ಹೊಡೆಯದೆ ಅದು ತನ್ನಷ್ಟಕ್ಕೆ ನಡೆದಿತ್ತು. ಗೈಡ್ ಬಂದು ಭುಜ ತಟ್ಟುವವರೆಗೆ ನೋಡಿದೆ.

ದೋಣಿ ಹತ್ತಿ ಕಂಡದ್ದನ್ನು ಹೇಳಿದೆ. "ತೆರೆದು ಮುಚ್ಚತಿತ್ತೇನು? ಖರೇನ?" ಎಂದರು ಅಕ್ಕ.

"ಖರೇನೇ ಅಕ್ಕ."

ಕಣ್ಣು ಮುಚ್ಚಿಕೊಂಡರು. "ಅದೂ ಹವಳದ ಪೈಕಿನ. ಮತ್ತ?" ದೋಣಿ ದಡ ಸೇರುವ ತನಕ "ಮತ್ತ? ಮತ್ತ?" ಎಂದು ಕೇಳುತ್ತಲೇ ಇದ್ದರು. ನಾನು ಹೇಳುತ್ತಲೇ ಇದ್ದೆ. ಗಂಡ ಹೋದ ಮೇಲೆ ಅಷ್ಟು ಮಾತನ್ನು ನಾನು ಯಾರೊಂದಿಗೂ ಆಡಿರಲಿಲ್ಲ.

ಸಂಜೆ ಮಗಳ ಫೋನು ಬಂತು. ಹವಳ ನೋಡಿದಿರಾ ಎಂದು ಕೇಳಿರಬೇಕು. "ನೋಡಿದೆನವ್ವಾ. ಬೆರಳಿನಂಗ ತೆರೆದು ಮುಚ್ಚತಿದ್ವು" ಎಂದರು ಅಕ್ಕ. ನಾನು ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಊರಿಗೆ ಮರಳಿದ ಮೇಲೆ ಬಾಲ್ಕನಿಯವರಿಗೆಲ್ಲ ಅದನ್ನೇ ಹೇಳಿದರು. ನನಗಿಂತ ಚೆನ್ನಾಗಿ ಹೇಳಿದರು.

ಮುಂದಿನ ಮಳೆಗಾಲದಲ್ಲಿ ಅವರ ಎದೆಬಡಿತ ನಿಂತಿತು, ಹೆಚ್ಚು ನರಳಲಿಲ್ಲ. ಮಣ್ಣು ಅವರ ಊರಿನಲ್ಲೇ ಆಯಿತು. ನಾನು ಹೋಗಿದ್ದೆ. ಅವರ ಕಡೆಯ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟಿದ್ದರು. ಅದನ್ನು ಉಳಿಸಿಕೊಳ್ಳಲು ಅವರು ಏನನ್ನು ಬಿಟ್ಟರೆಂಬುದು ಅಲ್ಲಿ ನಿಂತವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಿಟ್ಟದ್ದನ್ನು ಕಣ್ಣಾರೆ ನೋಡಿ ಬಂದವಳೂ ನಾನೇ.