ಮಾವನ ಕಾರ್ಡು, ಅಮ್ಮನ ಸೀರೆ

ದಟ್ಟಗಳ್ಳಿಯ ಅಂಗಡಿಯಲ್ಲಿ ಸೊಸೆ ದುಡ್ಡು ಕೊಡದೆ ಯಂತ್ರಕ್ಕೆ ಕಾರ್ಡು ತಾಗಿಸಿದ್ದು ನೋಡಿ, ಅಮೆರಿಕಕ್ಕೆ ಹೋಗಿಬಂದಿದ್ದ ಸೋದರಮಾವ ನೆನಪಾದರು.

"ಅಲ್ಲಿ ಈ ಕಾರ್ಡ್ ತೋರಿಸಿದ್ರೆ ಸಾಕು, ದುಡ್ಡೇ ಬೇಡ ಕಣೇ" ಎಂದು ಅಮ್ಮನಿಗೆ ತಮ್ಮ ಕಾರ್ಡು ತೋರಿಸಿದ್ದರು.

ಎಂಟು ವರ್ಷದ ನಾನು ಅದನ್ನು ಕದ್ದೊಯ್ದು, ಲಷ್ಕರ್ ಮೊಹಲ್ಲಾದ ಜವಳಿ ಅಂಗಡಿಯಲ್ಲಿ ಅಮ್ಮ ಆಸೆಪಟ್ಟಿದ್ದ ನೀಲಿ ಸೀರೆ ಕೇಳಿದೆ. ಅಂಗಡಿಯ ಶೆಟ್ಟರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನಮ್ಮ? ಯಾರ ಮಗಳು ನೀನು?"

"ನಂಜಪ್ಪ ಮೇಷ್ಟ್ರ ಮಗಳು."

"ಹಂಗಂತ ಮೊದಲೇ ಹೇಳ್ಬಾರ್ದಾ!" ಎಂದು ಸೀರೆ ಕಟ್ಟಿಕೊಟ್ಟರು.

ಕಾರ್ಡು ನಡೆಯಿತೆಂದು ಮನೆಗೆ ಓಡಿಬಂದೆ. ಮಾವ ತಬ್ಬಿಬ್ಬಾದರು. "ಮೈಸೂರಲ್ಲೂ ನಡೀತದಾ ಇದು?"

ಅಪ್ಪ ಬೈಯಲಿಲ್ಲ. ಶೆಟ್ಟರು ಅವರ ಹೆಸರಿಗೆ ಬರೆದಿದ್ದ ಬಾಕಿಯನ್ನು ತಿಂಗಳಿಗೆ ಐದು ರೂಪಾಯಿಯಂತೆ ತೀರಿಸಿದರು. ಅಮ್ಮ ಆ ಸೀರೆ ಉಟ್ಟಾಗಲೆಲ್ಲ ನಗುತ್ತಿದ್ದಳು, ಆಮೇಲೆ ಅಪ್ಪನ ಹಳೇ ಅಂಗಿಯ ಕಡೆ ನೋಡುತ್ತಿದ್ದಳು. ಯಾಕೆಂದು ತಿಳಿಯಲು ನನಗೆ ಈ ವಯಸ್ಸು ಬೇಕಾಯಿತು.