ಪ್ರಯಾಗಬಾಯಿಯ ನೇಮ, ಗುರುಲಿಂಗಪ್ಪನ ಲಿವರ್

ಪ್ರಯಾಗಬಾಯಿಗೆ ಮನುಷ್ಯರಿಗಿಂತ ನೇಮ ದೊಡ್ಡದು. ಉಮರ್ಗಾ ಪೇಟೆಯಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆಕೆಯ ಗಂಡ ಗುರುಲಿಂಗಪ್ಪನಂತೂ ಇಲ್ಲವೇ ಇಲ್ಲ. ಮಗಳ ಮದುವೆಯಲ್ಲಿ ಕೈಕಾಲು ತೊಳೆಯದೆ ಪಂಕ್ತಿಗೆ ಕೂತ ಹಿರಿಯರೊಬ್ಬರನ್ನು ಎಬ್ಬಿಸಿ ಬಚ್ಚಲಿಗೆ ಕಳಿಸಿದವಳು ಆಕೆ. ಅವರು ಮದುಮಗನ ತಂದೆ ಎಂದು ಯಾರೋ ಕಿವಿಯಲ್ಲಿ ಹೇಳಿದಾಗ, "ಹಂಗಾದ್ರ ಸಾಬೂನೂ ಕೊಡ್ರಿ" ಎಂದಿದ್ದಳು.

ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಗುರುಲಿಂಗಪ್ಪನ ಬಲಪಕ್ಕೆ ಭಾರವಾಯಿತು. ಎಮ್ಮೆಗಳು ಸರ್ಕಾರ ತೆರೆದ ಮೇವಿನ ಛಾವಣಿ ಸೇರಿ ಮನೆಯ ಹಾಲು ಅರ್ಧಕ್ಕಿಳಿದಿತ್ತು. ಸಂತೆಯಲ್ಲಿ ಕಾಯಿಪಲ್ಯ ಕಾಣುತ್ತಿರಲಿಲ್ಲ. ರೊಟ್ಟಿ, ಖಾರ, ಸಕ್ಕರೆ ಸುರಿದ ಚಹಾ, ಇಷ್ಟರಲ್ಲೇ ಅವನ ದಿನ ಕಳೆಯುತ್ತಿತ್ತು. ತನ್ನ ಕಾಳಿನ ವ್ಯಾಪಾರದ ಅಂಗಡಿಯ ಗಾದಿಯಲ್ಲಿ ಕೂತಲ್ಲೇ ತೂಕಡಿಸತೊಡಗಿದಾಗ ಪ್ರಯಾಗಬಾಯಿ ಅವನನ್ನು ಉದಗೀರಿನ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಸ್ಕ್ಯಾನ್ ಹೇಳಿತು.

"ತುಪ್ಪದ ಮಾರಿ ನೋಡಿ ವರ್ಷಾತ್ರಿ, ಕೊಬ್ಬು ಎಲ್ಲಿಂದ ಬಂತು?" ಎಂದು ಗುರುಲಿಂಗಪ್ಪ ನೊಂದುಕೊಂಡ.

"ಸಾವ್ಕಾರ್ರ, ನಿಮ್ಮ ಗೋದಾಮಿಗಿ ಮಾಲು ಬಂದು ಬೀಳ್ತದ, ಒಯ್ಯೋ ಲಾರಿ ಬರಲಿಲ್ಲ. ಏನಾಗ್ತದ?" ಎಂದಳು ಡಾಕ್ಟರಮ್ಮ.

"ಕೊಳೀತದ್ರಿ."

"ಲಿವರಿನಾಗೂ ಹಂಗೇ. ಕೊಬ್ಬು ಹೊರಗ ಸಾಗಸ್ಲಿಕ್ಕಿ ಕೋಲಿನ್ ಅಂತ ಒಂದು ಸತ್ವ ಬೇಕು. ಅದೊಂದೇ ಕಾರಣ ಅನ್ನಂಗಿಲ್ಲ. ಸಕ್ಕರಿ ಬಿಡ್ರಿ, ದಿನಾ ನಡೀರಿ. ಆದ್ರ ನಿಮ್ಮ ಊಟದಾಗ ಅದು ಭಾಳ ಕಮ್ಮಿ ಅದ. ತತ್ತಿಯೊಳಗ ಚಲೋ ಸಿಗ್ತದ. ಕುದಿಸಿದ್ದು, ಹಳದಿ ಸಮೇತ. ಎಣ್ಣಿಯಾಗ ಕರದದ್ದಲ್ಲ."

"ತತ್ತಿ ನಮ್ಮ ಮನಿ ಹೊಸ್ತಿಲಾ ದಾಟಂಗಿಲ್ರಿ. ಬ್ಯಾರೆ ಹೇಳ್ರಿ," ಎಂದಳು ಪ್ರಯಾಗಬಾಯಿ.

"ಹಂಗಾದ್ರ ಸೋಯಾಬೀನ್ ತಿನ್ನಿಸ್ರಿ. ನಾಕು ತಿಂಗಳು ಬಿಟ್ಟು ಬರ್ರಿ. ಲಿವರ್ ಗಟ್ಟಿ ಆಗ್ಲಿಕ್ಕಿ ಹತ್ತಿತಂದ್ರ ಹಿಂದಕ್ಕ ತರೋದು ಕಷ್ಟ ಅದ, ಮೊದಲೇ ಹೇಳ್ತೀನಿ."

ಗಂಡಹೆಂಡತಿ ಮುಖಮುಖ ನೋಡಿಕೊಂಡರು. ದಾಳಿಂಬ, ತುರೋರಿ ಹಳ್ಳಿಗಳ ಸೋಯಾಬೀನನ್ನು ಗುರುಲಿಂಗಪ್ಪ ಇಪ್ಪತ್ತು ವರ್ಷದಿಂದ ಕೊಂಡು ಮಾರಿದ್ದ. ಮುಷ್ಟಿಯಲ್ಲಿ ಹಿಡಿದೇ ಅದರ ತೇವ ಎಷ್ಟೆಂದು ಹೇಳಬಲ್ಲ. ಒಂದು ಕಾಳನ್ನೂ ಬಾಯಿಗೆ ಹಾಕಿದವನಲ್ಲ.

"ಅದು ಎಣ್ಣಿ ಮಿಲ್ಲಿಗಿ ಹೋಗೋ ಮಾಲ್ರಿ! ಮನಶಾರು ತಿಂತಾರ?"

"ನಾಳಿಂದ ನೀವು ತಿಂತೀರಿ," ಎಂದಳು ಪ್ರಯಾಗಬಾಯಿ.

ಮರುದಿನವೇ ಅಂಗಡಿಗೆ ಬಂದು, ಹಮಾಲರ ಎದುರಿಗೇ ರಾಶಿಯಿಂದ ಮೊರ ತುಂಬಿಕೊಂಡು ಹೋದಳು. ಟ್ಯಾಂಕರ್ ನೀರಿನಲ್ಲಿ ಕಾಳು ನೆನೆಸಿ, ಆ ನೀರನ್ನೇ ಪಾತ್ರೆ ತಿಕ್ಕಲು ಇಟ್ಟು, ಬೆಂದ ಕಾಳಿನ ಸಿಪ್ಪೆಯನ್ನು ಒಂದೊಂದಾಗಿ ಸುಲಿದಳು. ಬೆಳಿಗ್ಗೆ ಉಸುಳಿ, ಮಧ್ಯಾಹ್ನ ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ. ಚಹಾಕ್ಕೆ ಸಕ್ಕರೆ ನಿಂತಿತು. ಸಂಜೆ ಗಂಡನನ್ನು ಬಸ್ ಸ್ಟ್ಯಾಂಡಿನ ತನಕ ನಡೆಸಿದಳು. ಹಮಾಲರು ಬೆನ್ನ ಹಿಂದೆ, "ಸಾವ್ಕಾರ್ರು ಮಾಲು ಪಾಸ್ ಮಾಡ್ಲತಾರ" ಎಂದು ನಗುತ್ತಿದ್ದರು.

ಗುರುಲಿಂಗಪ್ಪನಿಗೆ ಲಿವರಿನ ಹೆದರಿಕೆಯೂ ಇತ್ತು, ಉಸುಳಿಯ ಬೇಸರವೂ ಇತ್ತು. ಬುಧವಾರ ಮಾಲು ನೋಡಲು ಯೆಣೆಗೂರಿಗೆ ಹೋದಾಗ ಹೆದ್ದಾರಿಯ ಬೀರಣ್ಣನ ಢಾಬಾ ಹೊಕ್ಕ. ಮೂಲೆಯಲ್ಲಿ ಕೂತು, ಎದೆಯ ಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗಿಯೊಳಗೇ ಬೆನ್ನಿಗೆ ಸರಿಸಿ, "ತತ್ತಿ ಕೊಡಪ್ಪ, ಔಷಧಿಗಿ" ಎಂದ. ಬೀರಣ್ಣ ಎಣ್ಣೆ ಸೋರುವ ಆಮ್ಲೆಟ್ ತಂದಿಟ್ಟ. ಅಂದಿನಿಂದ ಪ್ರತಿ ಬುಧವಾರ ಔಷಧಿ, ಮೇಲೆರಡು ಯಾಲಕ್ಕಿ.

ನಾಲ್ಕು ತಿಂಗಳ ನಂತರ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ತಲೆಯಾಡಿಸಿದಳು. "ಇಳದದ. ಆದ್ರ ಇಳೀಬೇಕಾದಷ್ಟಿಲ್ಲ. ಕರದದ್ದು ಏನರ ತಿನ್ಲತೀರೇನು?"

"ಶಿವಶಿವಾ! ಮನ್ಯಾಗ ಎಣ್ಣಿ ಹನಿ ಲೆಕ್ಕದಾಗ ಬೀಳ್ತದ್ರಿ," ಎಂದ ಗುರುಲಿಂಗಪ್ಪ. ಮಾತು ನಿಜವೇ ಆಗಿತ್ತು. ಬಸ್ಸು ಬದಲಿಸಲು ನಿಲಂಗಾದಲ್ಲಿ ಇಳಿದಾಗ ಪ್ರಯಾಗಬಾಯಿ, "ನಾಳಿ ಬುಧವಾರ. ಯೆಣೆಗೂರಿಗಿ ನಾನೂ ಬರ್ತೀನಿ," ಎಂದಳು.

ಮರುದಿನ ಯೆಣೆಗೂರಿನಲ್ಲಿ ಬಸ್ಸಿಳಿದ ಪ್ರಯಾಗಬಾಯಿ ಮಾಲು ನೋಡುವ ಅಡತಿ ಅಂಗಡಿಯ ಕಡೆಗೆ ತಿರುಗಲೇ ಇಲ್ಲ. ನೆಟ್ಟಗೆ ಢಾಬಾಕ್ಕೆ ನಡೆದಳು. ಬೀರಣ್ಣ ಬಾಣಲೆಯನ್ನು ಬೆನ್ನ ಹಿಂದೆ ಹಿಡಿದು ನಿಂತ.

"ಬರ್ರಿ ವೈನಿ. ಚಹಾ ಮಾಡ್ಲೇನ್ರಿ?"

"ಎರಡು ತತ್ತಿ ಕುದಸು. ಎಣ್ಣಿ ವಾಸನಿನೂ ತೋರಸಬ್ಯಾಡ."

"ಯಾರಿಗ್ರಿ ವೈನಿ?"

"ನನಗಲ್ಲ."

ಗುರುಲಿಂಗಪ್ಪ ಬೆಂಚಿನ ಅಂಚಿಗೆ ಕೂತ. "ನಿನಗ ಹ್ಯಾಂಗ ತಿಳೀತು?"

"ಜನ್ಮದಾಗ ಯಾಲಕ್ಕಿ ತಿನ್ನಲಾರದವ್ರು ಬುಧವಾರಕ್ಕೊಮ್ಮೆ ಘಮಘಮಾ ಅಂತ ಬರ್ತೀರಿ. ಕುತ್ತಿಗಿ ಹಿಂದಿರೋ ಲಿಂಗದ ಶಿವದಾರದ ಗಂಟು ಗಂಟಲಿಗಿ ಬಂದಿರ್ತದ. ಕರದ ತತ್ತಿ ಯೆಣೆಗೂರಿನಾಗ ಇಲ್ಲಲ್ಲದ ಮತ್ತೆಲ್ಲಿ ಸಿಗ್ತದ? ನಾ ಏನು ಕುರುಡಿ ಇದ್ದೀನಿ?"

"ಮತ್ತ ನಮ್ಮ ನೇಮಾ..."

"ನೇಮ ನನ್ನ ಹೊಸ್ತಿಲಿಂದು. ಇಲ್ಲಿ ಹೊಸ್ತಿಲಾ ಎಲ್ಲದ?"

ಬೀರಣ್ಣ ತಾಟು ಇಟ್ಟು ಸರಿದು ನಿಂತ. ಗುರುಲಿಂಗಪ್ಪನ ಕೈ ರೂಢಿಯಂತೆ ಕೊರಳಿಗೆ ಹೋಯಿತು. ಪ್ರಯಾಗಬಾಯಿ ಮಣಿಕಟ್ಟು ಹಿಡಿದು ಕೈಯನ್ನು ಕೆಳಗಿಳಿಸಿದಳು. "ಹಿಂದಕ್ಕ ಹಾಕಬ್ಯಾಡ್ರಿ. ಎದಿ ಮ್ಯಾಲೇ ಇರಲಿ. ಕಳುವು ಮಾಡಿ ಯಾರರ ಔಷಧಿ ತಿಂತಾರೇನು?"

ಅವನು ತತ್ತಿಯನ್ನು ಎತ್ತಿಕೊಂಡ. ಬಿಸಿಗೆ ಕೈ ಸುಟ್ಟುಕೊಂಡು ಬಿಟ್ಟುಬಿಟ್ಟ. ಮತ್ತೆ ಎತ್ತಿ, ಎಲ್ಲಿಂದ ಒಡೆಯಬೇಕೆಂದು ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ದಿನ ತಿಂದದ್ದೆಲ್ಲ ಆಮ್ಲೆಟ್ಟೇ.

ಪ್ರಯಾಗಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ತತ್ತಿಯನ್ನು ಕಸಿದುಕೊಂಡಳು. ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದಳು. ಸೋಯಾಬೀನಿನ ಸಿಪ್ಪೆ ಸುಲಿದ ಬೆರಳುಗಳಿಂದಲೇ, ಒಂದು ಚೂರೂ ಉಳಿಯದಂತೆ, ಸುಲಿಯತೊಡಗಿದಳು.