ಹನ್ನೆರಡನೇ ಕೊಂಡಿ

ಬನಹಟ್ಟಿಯೊಳಗ ಕುಂತು ಜರ್ಮನಿಗಿ ಸೀರಿ ಮಾರೂದು ಏನ ದೊಡ್ಡ ಮಾತಲ್ಲ. ಮಾರಿದ್ದು ಬ್ಯಾಡಾಗಿ ಹೊಳ್ಳಿ ಬಂತಂದ್ರ ಅದನ್ನ ಮನಿ ಮುಟ್ಟಸೂದು ಐತಲ್ಲ, ಅದು ದೊಡ್ಡ ಮಾತು. ನಮ್ಮ ಅಣ್ಣಂದು ಪ್ಯಾಟ್ಯಾಗ ಸೀರಿ ಅಂಗಡಿ. ಅಂಗಡಿ ಹಿಂದಿನ ಖೋಲ್ಯಾಗ ಒಂದು ಕಂಪ್ಯೂಟರ್, ಒಂದು ತಕ್ಕಡಿ, ನಾಕು ಟೇಪಿನ ಸುರಳಿ ಇಟಗೊಂಡು ಪರದೇಶದ ಧಂದೆ ನೋಡಕೊಳ್ಳಾಕಿ ನಾನು. ಜಮಖಂಡ್ಯಾಗ ಬಿ.ಕಾಂ. ಕಲತಾಕಿ, ಮೂಗಿನ ತುದೀಗೆ ಸಿಟ್ಟು ಇರಾಕಿ ಅಂತ ಓಣಿಗೆಲ್ಲ ಗೊತ್ತು. ಸೀರಿಗಿ ಹಾಕೂ ಸುಂಕದ ಎಂಟು ಅಂಕಿ ನಂಬರ್ ನನಗ ಬಾಯಿಪಾಠ ಐತಿ. ಗಂಡನ ಫೋನ್ ನಂಬರ್ ಕೇಳಿದ್ರ ನೋಡಿ ಹೇಳಬೇಕು.

ಹೊರದೇಶಕ್ಕ ಕಳಸೂ ಕೈಮಗ್ಗದ ಸೀರಿ ನಮಗ ನೇದು ಕೊಡಾಕಿ ಓಣಿ ಕಾಕಿ ಒಬ್ಬಾಕೀನ. ಸಂಬಂಧ ಏನಿಲ್ಲ, ಎಲ್ಲಾರಿಗೂ ಕಾಕಿ. ಆಜೂಬಾಜೂ ಮನ್ಯಾಗೆಲ್ಲ ಪವರಲೂಮ್ ಖಟಪಟ ಅಂತಿರತಾವು, ಅಕಿ ಮನ್ಯಾಗ ಇನ್ನೂ ಕುಣಿ ಮಗ್ಗ. ಇಳಕಲ್ ಸೀರಿ ಮೈ ಹತ್ತಿದು, ಸೆರಗು ರೇಷ್ಮಿದು. ಎರಡರ ಹಾಸಿನ ಎಳಿ ಒಂದಕ್ಕೊಂದು ಸಿಗಿಸಿ ಕೂಡಸ್ತಾರ, ಅದಕ್ಕ ಕೊಂಡಿ ಅಂತೀವಿ. ಒಂದು ಸೀರಿಗಿ ಸಾವಿರಾರು ಕೊಂಡಿ, ಎಲ್ಲಾ ಕೈಲೇ ಆಗಬೇಕು.

ಕಳೆದ ವರ್ಷ ಜರ್ಮನಿಯ ಒಬ್ಬ ಹೆಣ್ಣಮಗಳು ಸೀರಿ ತರಿಸ್ಕೊಂಡು, ಒಂದು ವಾರಕ್ಕ ಬ್ಯಾಡ ಅಂದ್ಳು. ಕಾರಣ ಅಂತ ಒಂದು ಫೋಟೋ ಕಳಿಸಿದ್ಳು. ಕೆಂಪು ಸೆರಗಿನ ಕೊಂಡಿ ಸಾಲಿನ್ಯಾಗ ಒಂದ ಒಂದು ಹಸಿರು ಎಳಿ. ಅದಕ್ಕ ಸುತ್ತ ಗೆರಿ ಹೊಡದು ‘ದೋಷ’ ಅಂತ ಬರದಿದ್ಳು. ಅಷ್ಟು ಸೀರಿ ಮಾರೀನಿ, ನಾ ಒಮ್ಮೆರ ಅದನ್ನ ನೋಡಿದ್ರ ಕೇಳ್ರಿ! ನಾವು ಮಾರೂ ವೆಬ್‌ಸೈಟಿನವರು ಮತ್ತ ಎರಡು ಮಾಲು ಹಿಂಗ ಹೊಳ್ಳಿ ಬಂದ್ರ ಅಂಗಡಿ ಬಂದ್ ಮಾಡ್ತೀವಿ ಅಂತ ಚೀಟಿ ಕಳಿಸಿದ್ರು. ನನಗ ತಲಿ ಕೆಟ್ಟು ಮಸರ ಗಡಿಗಿ ಆತು.

ಸೀದಾ ಕಾಕಿ ಮನಿಗಿ ಹೋದೆ. ಅಕಿ ಮಗ್ಗದ ಕುಣ್ಯಾಗ ಕಾಲು ಬಿಟಗೊಂಡು ಕುಂತಿದ್ಳು. "ಕಾಕಿ, ಕಣ್ಣು ಮಂಜ ಆಗ್ಯಾವೋ ಹೆಂಗ? ಕೆಂಪಿನ್ಯಾಗ ಹಸಿರು ಯಾಕ ಬಂತು?" ಅಂದೆ. "ಬಂದಿಲ್ಲ ಬೇ, ನಾನ ಹಾಕ್ತೀನಿ" ಅಂದ್ಳು. ಯಾಕ ಅಂತ ಕೇಳೂ ವ್ಯವಧಾನ ನನಗೆಲ್ಲಿತ್ತು? ಇನ್ನ ಮ್ಯಾಲ ಹಾಕಿದ್ರ ಸೀರೀನ ತಗೊಳ್ಳೂದಿಲ್ಲ ಅಂತ ಬಾಯಿಗಿ ಬಂದಂಗ ಅಂದು ಬಂದೆ. ಕಾಕಿ "ಹೂಂ" ಅಂದ್ಳು, ಅಷ್ಟ.

ಸೀರಿ ವಿಮಾನ ಹತ್ತಿ ಮುಂಬೈಗಿ ಬಂತು, ಕಸ್ಟಮ್ಸ್‌ನ್ಯಾಗ ಕುಂತ ಬಿಡ್ತು. ನಮ್ಮ ಕಾಗದ ನೋಡಿಕೊಳ್ಳೂ ಏಜೆಂಟ್ ಫೋನ್ ಮಾಡಿ, ಕಳಿಸಿದ್ದೂ ಇದ, ಬಂದದ್ದೂ ಇದ ಅಂತ ಸಾಬೀತು ಮಾಡ್ರಿ ಅಂದ. ಇಲ್ಲಂದ್ರ ಹೊರಗಿನ ಹೊಸಾ ಮಾಲಿನಂಗ ಸುಂಕ ಕಟ್ಟಬೇಕು. ತಪ್ಪೇನಿಲ್ಲ, ಕಾಯ್ದೆ ಇರೂದ ಹಂಗ. ಮೊಬೈಲಿಗಾದ್ರ ನಂಬರ್ ಇರತೈತಿ, ಸೀರಿಗಿ ಎಲ್ಲಿ ನಂಬರ್ ತರೂದು?

ಅಣ್ಣ ಒಂದ ಮಾತು ಹೇಳಿದ. "ನಮ್ಮ ಸೀರಿಗಿ ನಾವ ಸುಂಕ ಕಟ್ಟೂದಿಲ್ಲ. ಅದು ಬರಲಿಲ್ಲಂದ್ರ ಅಲ್ಲೇ ಬಿಡು. ಹಂಗಾದ್ರ ಇನ್ನ ಮ್ಯಾಲ ಕಾಕಿ ಮಗ್ಗಾನೂ ಬ್ಯಾಡ, ಬರೇ ಪವರಲೂಮ್ ಮಾರೂಣು." ಅಂವ ಸಿಟ್ಟಿಲೆ ಅಂದಿದ್ರ ನಾ ಜಗಳ ತಗೀತಿದ್ದೆ. ಚಾ ಕುಡಕೋತ ತಣ್ಣಗ ಅಂದ. ನಮ್ಮನ್ನ ಬಿಟ್ರ ಕಾಕಿ ಸೀರಿ ಕೊಳ್ಳಾವರು ಮತ್ತೊಬ್ಬರಿಲ್ಲ. ಆ ಸೀರಿ ಬರಲಿಲ್ಲಂದ್ರ ಅಕಿ ಮಗ್ಗ ಬಿಚ್ಚೂದ ಸೈ.

ಮತ್ತ ಕಾಕಿ ಕಡೆ ಹೋದೆ, ಈ ಸಲ ದನಿ ಇಳಿಸ್ಕೊಂಡು. "ಆ ಸೀರಿ ನಿಂದ ಅಂತ ಹೆಂಗ ಹೇಳ್ಲಿ ಕಾಕಿ?" ಅಂತ ಕೇಳಿದೆ.

"ಯಾ ಸೀರಿ? ಕೆಂಪು ಸೆರಗು, ಕರೀ ಮೈ? ಎಡಗಡೆ ದಡಿಯಿಂದ ಎಣಸು. ಹನ್ನೆರಡನೇ ಕೊಂಡಿ ಹಸಿರು ಇರತೈತಿ."

"ಎಲ್ಲಾ ಸೀರಿಗೂ ಹನ್ನೆರಡೇನು?"

"ಹುಚ್ಚಿ ಅದಿ ಏನ್? ಯುಗಾದಿ ಪಾಡ್ಯಾದ ಮ್ಯಾಲ ಮೊದಲನೇ ಸೀರಿಗಿ ಒಂದನೇ ಕೊಂಡಿ, ಎರಡನೇದಕ್ಕ ಎರಡನೇದು. ಅದು ಈ ವರ್ಷದ್ದು ಹನ್ನೆರಡನೇ ಸೀರಿ. ನನಗ ಬರಿಯಾಕ ಬರತೈತೇನ? ಇದ ನನ್ನ ಬರಿಯೂದು."

ಓಡಿ ಬಂದು ಕಂಪ್ಯೂಟರ್ ತಗದೆ. ಕೈಮಗ್ಗ ಖರೆ ಅಂತ ತೋರಸಾಕ ಪ್ರತಿ ಸೀರಿ ಕೊಂಡಿ ಸಾಲಿಂದು ಹತ್ತಿರದಿಂದ ಒಂದು ಫೋಟೋ ಹೊಡದು ಇಡೂದು ನನ್ನ ರೂಢಿ. ದೊಡ್ಡದು ಮಾಡಿ ಕಣ್ಣಾಗ ಎಣ್ಣಿ ಬಿಟಗೊಂಡು ಎಣಿಸಿದೆ. ಹನ್ನೆರಡಕ್ಕ ಹಸಿರು. ಅದರ ಮುಂದಿನ ಸೀರಿಗಿ ಹದಿಮೂರಕ್ಕ, ಹಿಂದಿಂದಕ್ಕ ಹನ್ನೊಂದಕ್ಕ. ಎಂಟು ಅಂಕಿ ನಂಬರ್ ಬಾಯಿಪಾಠ ಇದ್ದ ನಾನು ಇದನ್ನ ಇಷ್ಟು ದಿನ ನೋಡೇ ಇಲ್ಲಲ್ಲ, ಯವ್ವಾ!

ಮೂರೂ ಫೋಟೋ ಹಚ್ಚಿ ಅರ್ಜಿ ಬರದು ಕಳಿಸಿದೆ. ಹತ್ತು ದಿನಕ್ಕ ಏಜೆಂಟನ ಫೋನ್ ಬಂತು. ಸಾಹೇಬರು ಸೀರಿ ಬಿಚ್ಚಿಸಿ, ಭೂತಗನ್ನಡಿ ಹಿಡದು ತಾವ ಎಣಿಸಿದ್ರಂತ. "ಬರೋಬರ್ ಬಾರಾ, ತಾಯಿ. ಹನ್ನೆರಡಕ್ಕ ಹಸಿರು. ಸುಂಕ ಇಲ್ಲದ ಬಿಟ್ರು" ಅಂದ. ಅಣ್ಣ "ಛಲೋ ಆತು" ಅಂದು ಚಾ ಮುಂದುವರಿಸಿದ. ಮಗ್ಗದ ಸುದ್ದಿ ಮತ್ತ ತಗೀಲಿಲ್ಲ.

ಸೀರಿ ಮನಿಗಿ ಬಂದ ದಿನಾನ ಅದನ್ನ ಬಗಲಾಗ ಹಿಡಕೊಂಡು ಕಾಕಿ ಕಡೆ ಹೋದೆ. ಅಕಿ ಹೊಸಾ ಸೆರಗಿಗಿ ಕೊಂಡಿ ಹಾಕಾಕ ಕುಂತಿದ್ಳು. "ಕಾಕಿ, ನಂದ ತಪ್ಪಾತು. ಹಸಿರು ಹಾಕು ಇನ್ನ, ನಾನ ಹೇಳ್ತೀನಿ, ಹಾಕು. ಅದು ದೋಷ ಅಲ್ಲ ಅಂತ ಕೊಳ್ಳಾವರಿಗಿ ನಾ ಬರದು ತಿಳಸ್ತೀನಿ" ಅಂದೆ.

ಕಾಕಿ ಹಸಿರು ಎಳಿ ಕೈಯಾಗ ತಗೊಂಡ್ಳು. "ಎಷ್ಟನೇದಕ್ಕ ಹಾಕ್ಲಿ? ಹದಿನಾಕಕ್ಕ ನಿಂತಿತ್ತು. ನೀ ಬ್ಯಾಡ ಅಂದ ಮ್ಯಾಲ ಎಷ್ಟು ನೇದೆ, ನನಗ ಗೊತ್ತಿಲ್ಲ" ಅಂದ್ಳು.

ನನಗ ನಾಚಿಕಿ ಬಂತು, ಭಾಳ ಬಂತು. ಕಂಪ್ಯೂಟರಿನ್ಯಾಗ ಎಲ್ಲಾ ಇತ್ತು. ನಾಕು, ಅಂತ ಹೇಳಿದೆ. ನಾಕೂ ಮಾರಾಟ ಆಗಿ ಹೋಗಿದ್ವು. ಕಾಕಿ ದಡಿಯಿಂದ ಬೆರಳಿಲೆ ಎಣಿಸಿ, ಹದಿನಾಕು ದಾಟಿ, ನಾಕು ಬಿಟ್ಟು, ಹತ್ತೊಂಬತ್ತನೇದಕ್ಕ ಹಸಿರು ಸಿಗಿಸಿದ್ಳು.

"ಆ ನಾಕು ಹೊಳ್ಳಿ ಬಂದ್ರ ನನ್ನ ಕೇಳಾಕ ಬರಬ್ಯಾಡ" ಅಂದ್ಳು, ತಲಿ ಎತ್ತದ.

ಆ ನಾಕರಾಗ ಇನ್ನೂ ಒಂದೂ ಹೊಳ್ಳಿ ಬಂದಿಲ್ಲ. ಮುಂಜಾನೆ ಕಂಪ್ಯೂಟರ್ ತಗದ ಕೂಡಲೇ ನಾ ಮೊದಲು ಅದನ್ನ ನೋಡ್ತೀನಿ.